ಒಂದು ಟೆರಾಬೈಟಿಗೆ ಎಷ್ಟು ಡಿಸ್ಕ್?

ಒಂದು ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಎಷ್ಟು ಸಿಡಿ ಹಿಡಿಸುತ್ತವೆ? ಕೇಳುವುದಕ್ಕೆ ನಾಲ್ಕನೇ ತರಗತಿಯ ಭಾಗಾಕಾರದ ಹಾಗಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳೆಯ ಸ್ಟುಡಿಯೊಗಳವರಿಗೆ, ವಿಡಿಯೊದವರಿಗೆ ಮಾತ್ರ ಇದು ಕೈಕಾಸಿನ ಪ್ರಶ್ನೆ. ಹೊಸ ಶತಮಾನದ ಮೊದಲ ಹದಿನೈದು ವರ್ಷ ಈ ಸೀಮೆಯ ಮದುವೆ, ನಾಮಕರಣ, ಗೃಹಪ್ರವೇಶ, ಊರ ಕರಗ, ಬೆಳಗಾಗುವವರೆಗೆ ನಡೆದ ಪೌರಾಣಿಕ ನಾಟಕ ಎಲ್ಲವೂ ಕೊನೆಗೆ ಬಂದು ಸೇರಿದ್ದು ಸಿಡಿ, ಡಿವಿಡಿಗಳಿಗೇ. ಈಗ ಅವನ್ನೆಲ್ಲ ಹಾರ್ಡ್‌ಡಿಸ್ಕಿಗೆ ಇಳಿಸಬೇಕಾಗಿದೆ. ಎಷ್ಟು ದೊಡ್ಡದು ಕೊಳ್ಳಬೇಕು?

ಸಿಡಿಯ ಮೇಲೆ 700 ಎಂಬಿ ಎಂದು ಅಚ್ಚಾಗಿದೆ, ಒಂದು ಟಿಬಿ ಎಂದರೆ ಹತ್ತು ಲಕ್ಷ ಎಂಬಿ, ಭಾಗಿಸಿದರೆ 1428 ಎನ್ನುತ್ತಾನೆ ಒಬ್ಬ. ಕಂಪ್ಯೂಟರ್ ಕ್ಲಾಸಿಗೆ ಹೋಗಿಬಂದ ಇನ್ನೊಬ್ಬ, ಸಾವಿರದಿಂದಲ್ಲ, 1024ರಿಂದ ಗುಣಿಸಬೇಕು ಎಂದು ತಿದ್ದಿ 1497ಕ್ಕೆ ಬರುತ್ತಾನೆ. ಬೈಟುಗಳನ್ನೇ ಎಣಿಸಿದರೆ ತುಂಬಿದ ಸಿಡಿಗಳು ಹಿಡಿಸುವುದು 1356. ಮೊದಲನೆಯ ಇಬ್ಬರೂ ಗುಣಾಕಾರದಲ್ಲಿ ತಪ್ಪಿಲ್ಲ. ಎಡವಿದ್ದು ಅಳತೆಯಲ್ಲಿ.

ಸಿಡಿ ಹುಟ್ಟಿದ್ದು ಹಾಡಿಗಾಗಿ. ಫಿಲಿಪ್ಸ್ ಮತ್ತು ಸೋನಿ ಕೂಡಿ ರೂಪಿಸಿ 1982ರಲ್ಲಿ ಅದನ್ನು ಮಾರುಕಟ್ಟೆಗೆ ತಂದಾಗ ಕಂಪ್ಯೂಟರಿನ ಕಡತ ಯಾರ ಮನಸ್ಸಿನಲ್ಲೂ ಮುಂದೆ ಇರಲಿಲ್ಲ. ಹಾಗಾಗಿ ಅದರ ಮೂಲ ಅಳತೆ ನಿಮಿಷ. ಒಂದು ಸೆಕೆಂಡಿಗೆ 75 ಸೆಕ್ಟರ್; 80 ನಿಮಿಷದ ಸಿಡಿಗೆ 3,60,000 ಸೆಕ್ಟರ್. ಕಡತ ಬರೆಯುವಾಗ ಒಂದೊಂದು ಸೆಕ್ಟರಿಗೆ 2048 ಬೈಟ್. ಒಟ್ಟು 73,72,80,000 ಬೈಟ್. ಇದನ್ನು 1024ರಿಂದ ಎರಡು ಸಲ ಭಾಗಿಸಿದರೆ 703 ಬರುತ್ತದೆ. ಅಂದರೆ ಸಿಡಿಯ ಮೇಲಿನ 700 ಎಂಬಿ 1024ರ ಲೆಕ್ಕದ ಎಂಬಿ.

ಡಿವಿಡಿಗೆ ಬಂದಾಗ ಕಂಪನಿಗಳು ಸದ್ದಿಲ್ಲದೆ ಲೆಕ್ಕ ಬದಲಿಸಿದವು. 4.7 ಜಿಬಿ ಎಂದು ಅಚ್ಚು ಹಾಕಿದ ಡಿವಿಡಿ-ಆರ್‌ನಲ್ಲಿ ಇರುವುದು 470 ಕೋಟಿ 73 ಲಕ್ಷ ಬೈಟ್. ಇಲ್ಲಿ ಜಿಬಿ ಎಂದರೆ ನೇರವಾಗಿ ನೂರು ಕೋಟಿ. ಅದೇ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿ ನೋಡಿದರೆ 4.38 ಜಿಬಿ ಎನ್ನುತ್ತದೆ, ಏಕೆಂದರೆ ಅದು ಇನ್ನೂ 1024ರಲ್ಲೇ ಎಣಿಸುತ್ತದೆ. 25 ಜಿಬಿಯ ಬ್ಲೂ-ರೇ ಅಲ್ಲಿ 23.3 ಆಗುತ್ತದೆ. ಒಂದು ಡಿವಿಡಿಯಲ್ಲಿ ಎಷ್ಟು ಸಿಡಿ ಎಂದು ಚೀಟಿಯ ಮೇಲಿನ ಅಂಕಿ ನಂಬಿ ಭಾಗಿಸಿದರೆ 6.7, ಬೈಟ್ ಎಣಿಸಿದರೆ 6.4 ಕೂಡ ಇಲ್ಲ. ಇವೆರಡಕ್ಕಿಂತ ಸೊಗಸು ಹಳೆಯ ಫ್ಲಾಪಿಯದು. ಅದರ 1.44 ಎಂಬಿ ಎಂದರೆ 1440ನ್ನು 1024ರಿಂದ ಗುಣಿಸಿದ್ದು: ಅರ್ಧ ಆ ಲೆಕ್ಕ, ಅರ್ಧ ಈ ಲೆಕ್ಕ. ಅದನ್ನು ಯಾರೂ ಸಮರ್ಥಿಸಲಾರರು, ಆದರೂ ಇಪ್ಪತ್ತು ವರ್ಷ ಜಗತ್ತೆಲ್ಲ ನಡೆಯಿತು.

ನಮ್ಮ ರೈತರಿಗೆ ಈ ಜಾತಿಯ ತೊಡಕು ಹೊಸದಲ್ಲ. ಪಹಣಿಯಲ್ಲಿ 2.20 ಎಂದು ಬರೆದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ನಡುವೆ ಇರುವ ಚುಕ್ಕೆ ದಶಮಾಂಶದ್ದಲ್ಲ, ಗುಂಟೆ ನಲವತ್ತಕ್ಕೆ ಎಕರೆ ಎಂಬುದು ಗೊತ್ತಿದ್ದವನಿಗೆ ಮಾತ್ರ ಅದು ಸರಿಯಾಗಿ ಓದಲು ಬರುತ್ತದೆ. ಬೆಂಗಳೂರಿನಿಂದ ಮಾಲೂರಿಗೆ ಸೈಟು ನೋಡಲು ಬಂದವರು ಕ್ಯಾಲ್ಕುಲೇಟರಿನಲ್ಲಿ 2.20 ಒತ್ತಿ ಬೆಲೆ ಕಟ್ಟಿದರೆ ಎಷ್ಟು ಗುಂಟೆ ಕೈತಪ್ಪಿತು ಎಂಬುದನ್ನು ದಲ್ಲಾಳಿಯೇ ಹೇಳಬೇಕು.

ಗೊಂದಲ ಬಗೆಹರಿಸಲು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1998ರಲ್ಲಿ 1024ರ ಲೆಕ್ಕಕ್ಕೆ ಬೇರೆ ಹೆಸರು ಕೊಟ್ಟಿತು: ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್, ಟೆಬಿಬೈಟ್. ಕಿಲೊ, ಮೆಗಾ, ಗಿಗಾ, ಟೆರಾ ಎಂಬವು ಸಾವಿರದ ಲೆಕ್ಕಕ್ಕೇ ಮೀಸಲು ಎಂದಿತು. ಲಿನಕ್ಸ್ ಬಳಸುವವರು ಸ್ವಲ್ಪ ಒಪ್ಪಿದರು. ಆಪಲ್ 2009ರಿಂದ ತನ್ನ ಮ್ಯಾಕ್‌ಗಳಲ್ಲಿ ಸಾವಿರದ ಲೆಕ್ಕಕ್ಕೆ ಬಂತು. ವಿಂಡೋಸ್ ಮಾತ್ರ 1024ರಲ್ಲಿ ಎಣಿಸಿ ಪಕ್ಕದಲ್ಲಿ ಜಿಬಿ ಎಂದೇ ಬರೆಯುತ್ತಿದೆ. ಹೊಸ ಒಂದು ಟಿಬಿ ಡ್ರೈವ್ ತಂದು ಹಾಕಿದಾಗ 931 ಜಿಬಿ ಕಾಣಿಸಿ, ಉಳಿದ 69 ಎಲ್ಲಿ ಹೋಯಿತು ಎಂದು ಗಿರಾಕಿ ಅಂಗಡಿಗೆ ಜಗಳಕ್ಕೆ ಬರುವುದು ಇದೇ ಕಾರಣಕ್ಕೆ. ಅಮೆರಿಕದಲ್ಲಿ ಈ ಜಗಳ ಕೋರ್ಟಿಗೇ ಹೋಗಿತ್ತು. ವೆಸ್ಟರ್ನ್ ಡಿಜಿಟಲ್ 2006ರಲ್ಲಿ, ಸೀಗೇಟ್ 2007ರಲ್ಲಿ ರಾಜಿ ಮಾಡಿಕೊಂಡವು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಡ್ರೈವ್ ಕಂಪನಿಗಳದ್ದೇ ಸರಿ. ಅವರು ಹೇಳಿದಷ್ಟು ಬೈಟ್ ಕೊಟ್ಟಿದ್ದಾರೆ. ತಪ್ಪು ಹೆಸರು ಬಳಸುತ್ತಿರುವುದು ವಿಂಡೋಸ್.

ಮೇಲೆ ಹೋದಷ್ಟೂ ಈ ಅಂತರ ಬೆಳೆಯುತ್ತದೆ ಎಂಬುದನ್ನು ಗಮನಿಸಬೇಕು. ಕಿಲೊದಲ್ಲಿ ಶೇ 2.4, ಮೆಗಾದಲ್ಲಿ ಶೇ 4.9, ಗಿಗಾದಲ್ಲಿ ಶೇ 7.4, ಟೆರಾದಲ್ಲಿ ಶೇ 10ರ ಹತ್ತಿರ, ಪೆಟಾದಲ್ಲಿ ಶೇ 12.6. ಸಿಡಿ ಕಾಲದಲ್ಲಿ ನಿರ್ಲಕ್ಷಿಸಬಹುದಾಗಿದ್ದ ವ್ಯತ್ಯಾಸ ಟಿಬಿ ಕಾಲದಲ್ಲಿ ಇಪ್ಪತ್ತು ಡಿವಿಡಿಯಷ್ಟಾಗಿದೆ. ನಮ್ಮ ಎಣಿಕೆಯ ರೂಢಿಯೂ ಅಡ್ಡ ಬರುತ್ತದೆ. ನಾವು ಸಾವಿರ ದಾಟಿದ ಮೇಲೆ ನೂರು ನೂರಾಗಿ ಏರುವವರು: ಲಕ್ಷ, ಕೋಟಿ. ಮೆಗಾ ಹತ್ತು ಲಕ್ಷ, ಗಿಗಾ ನೂರು ಕೋಟಿ, ಟೆರಾ ಲಕ್ಷ ಕೋಟಿ. ಟೆರಾ ಮಾತ್ರ ನಮ್ಮ ಬಾಯಿಗೆ ಸಲೀಸಾಗಿ ಕೂರುತ್ತದೆ. ಬಜೆಟ್ ಸುದ್ದಿ ಓದುವವರಿಗಂತೂ ದಿನದ ಮಾತು. ಪೆಟಾ ಎಂದರೆ ಹತ್ತು ಕೋಟಿ ಕೋಟಿ. ಅಷ್ಟನ್ನು ಡಿವಿಡಿಯಲ್ಲಿ ತುಂಬಲು 2,12,000ಕ್ಕೂ ಹೆಚ್ಚು ಡಿಸ್ಕು ಬೇಕು, ಕವರಿಲ್ಲದೆ ಒಂದರ ಮೇಲೊಂದು ಪೇರಿಸಿದರೂ 250 ಮೀಟರ್ ದಾಟುತ್ತದೆ. ಟೆರಾಬೈಟಿನಷ್ಟು ಸಿಡಿ ಪೇರಿಸಿದರೆ ಆಳೆತ್ತರ.

ಇಲ್ಲಿಯವರೆಗಿನದು ಸಾಮರ್ಥ್ಯದ ಲೆಕ್ಕ. ಡಿಸ್ಕಿನ ಒಳಗೆ ಏನಿದೆ ಎಂದು ನೋಡಹೊರಟರೆ ಇನ್ನೊಂದು ಕಥೆ.

ಈ ಕಡೆ ಮೊದಲು ಮನೆ ಮನೆಗೆ ಬಂದದ್ದು ವಿಸಿಡಿ. ಅದನ್ನು ಕಂಪ್ಯೂಟರಿಗೆ ಹಾಕಿದರೆ ಎಂಪೆಗ್‌ಎವಿ ಎಂಬ ಫೋಲ್ಡರಿನಲ್ಲಿ ಡ್ಯಾಟ್ ಕಡತ ಸಿಗುತ್ತದೆ. ಡಿಸ್ಕು ತುಂಬಿದ್ದರೆ ನಕಲಿಸಿದ ಆ ಒಂದೇ ಕಡತ ಸುಮಾರು 800 ಎಂಬಿ ತೋರಿಸುತ್ತದೆ. 700 ಎಂಬಿ ಡಿಸ್ಕಿನಿಂದ 800 ಎಂಬಿ ಹೇಗೆ ಬಂತು? ಸೆಕ್ಟರಿನ ನಿಜವಾದ ಗಾತ್ರ 2352 ಬೈಟ್. ಕಡತ ಬರೆಯುವಾಗ ಅದರಲ್ಲಿ 304 ಬೈಟನ್ನು ವಿಳಾಸಕ್ಕೆ ಮತ್ತು ಗೀರು ಬಿದ್ದರೆ ತಿದ್ದಿಕೊಳ್ಳುವ ವ್ಯವಸ್ಥೆಗೆ ಮೀಸಲಿಡುತ್ತಾರೆ. ವಿಡಿಯೊದಲ್ಲಿ ಒಂದೆರಡು ಚೌಕ ಒಡೆದು ಕಂಡರೆ ಯಾರೂ ಅಳುವುದಿಲ್ಲ ಎಂದು ವಿಸಿಡಿಯವರು ಆ ರಕ್ಷಣೆಯನ್ನು ಬಹುಮಟ್ಟಿಗೆ ತೆಗೆದು 2324 ಬೈಟನ್ನು ಚಿತ್ರಕ್ಕೇ ಬಳಸಿದರು. ಹಾಡಿನ ಸಿಡಿಯಲ್ಲಿ ಪೂರ್ತಿ 2352 ಬೈಟೂ ಸ್ವರಕ್ಕೇ. 80 ನಿಮಿಷದ ಸಂಗೀತ ಕಂಪ್ಯೂಟರಿಗೆ ಇಳಿದಾಗ 847 ಎಂಬಿ. ಅದನ್ನೇ 128 ಕೆಬಿಪಿಎಸ್ ಎಂಪಿ3 ಮಾಡಿದರೆ 77 ಎಂಬಿ. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ನೇತುಹಾಕಿ ಮಾರುತ್ತಿದ್ದ '150 ಹಾಡುಗಳು' ಎಂಬ ಎಂಪಿ3 ಸಿಡಿಯ ಗುಟ್ಟು ಇಷ್ಟೆ. ಹಾಡಿಗೆ ಐದು ನಿಮಿಷದಂತೆ ಹನ್ನೆರಡೂವರೆ ಗಂಟೆ, ಒಂದು ಸಿಡಿ. ಹಾಗಾಗಿ ವಿಸಿಡಿ, ಆಡಿಯೊ ಸಿಡಿ ಇರುವವರು ತಲೆಗೆ 700 ಎಂಬಿ ಹಿಡಿದರೆ ಜಾಗ ಸಾಲುವುದಿಲ್ಲ. 850 ಹಿಡಿಯುವುದು ಕ್ಷೇಮ.

ಶ್ರೀನಿವಾಸಪುರ, ಮುಳಬಾಗಿಲಿನಂಥ ಗಡಿ ತಾಲ್ಲೂಕುಗಳಲ್ಲಿ ಕನ್ನಡದಷ್ಟೇ ತೆಲುಗು ವಿಸಿಡಿಗಳೂ ಬೀರುಗಳಲ್ಲಿವೆ. ಗ್ರೇಟರ್ ನೊಯ್ಡಾದ ಮೋಸರ್ ಬೇರ್ ಕಂಪನಿ 2007ರ ಸುಮಾರಿಗೆ 28 ರೂಪಾಯಿಗೆ ಸಿನಿಮಾ ವಿಸಿಡಿ, 34ಕ್ಕೆ ಡಿವಿಡಿ ಮಾರತೊಡಗಿದ ಮೇಲೆ ಕೊಳ್ಳದವರೇ ಕಡಿಮೆ. ಅವನ್ನು ಇಳಿಸಿಕೊಳ್ಳುವ ಶ್ರಮ ಬೇಡ. ಆ ಸಿನಿಮಾಗಳಲ್ಲಿ ಬಹುಪಾಲು ಇನ್ನೆಲ್ಲೋ ಇದಕ್ಕಿಂತ ಚೆನ್ನಾಗಿ ಸಿಗುತ್ತವೆ. ಸಿಗದೇ ಇರುವುದು ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದ ಡಿಸ್ಕುಗಳು.

ಅಂಥ ಒಂದು ಮದುವೆಯ ಡಿವಿಡಿ ತೆಗೆದುಕೊಳ್ಳಿ. ತಿಳಿ ಪ್ಲಾಸ್ಟಿಕ್ ಕವರು, ಮೇಲೆ ವಧೂವರರ ಫೋಟೊ ಅಂಟಿಸಿದ ದುಂಡು ಸ್ಟಿಕ್ಕರು, ಮೂಲೆಯಲ್ಲಿ 1/3 ಎಂಬ ಗುರುತು. ಮೊದಲನೆಯದು ಆರತಕ್ಷತೆ, ಎರಡನೆಯದು ಮುಹೂರ್ತ, ಮೂರನೆಯದರಲ್ಲಿ ಊಟದ ಹಾಲ್, ಬೀಳ್ಕೊಡುಗೆ, ಜೊತೆಗೆ ಸಿನಿಮಾ ಹಾಡಿಗೆ ಜೋಡಿಸಿದ ಸ್ಲೈಡುಗಳು. ಕಂಪ್ಯೂಟರಿನಲ್ಲಿ ತೆರೆದರೆ ವಿಡಿಯೊ-ಟಿಎಸ್ ಎಂಬ ಫೋಲ್ಡರು. ಅದರೊಳಗೆ ವಿಒಬಿ ಕಡತಗಳ ಸಾಲು. ಮೊದಲ ಮೂರೋ ನಾಲ್ಕೋ ಒಂದೇ ಗಾತ್ರದವು, ತಲಾ ಒಂದು ಜಿಬಿಗೆ ಕೂದಲೆಳೆ ಕಡಿಮೆ, ಕೊನೆಯದು ಉಳಿದಷ್ಟು. ಡಿವಿಡಿಯ ನಿಯಮವೇ ಹಾಗೆ, ಒಂದು ಕಡತ ಒಂದು ಜಿಬಿ ಮೀರಕೂಡದು. ಮಂಟಪದಲ್ಲಿ ತಾಳಿ ಕಟ್ಟುವ ಗಳಿಗೆ ಎರಡು ಕಡತಗಳ ನಡುವೆ ತುಂಡಾಗಿದ್ದರೆ ಆಶ್ಚರ್ಯ ಬೇಡ. ಒಂದೊಂದನ್ನೇ ಬಿಡಿಯಾಗಿ ನಕಲಿಸಿಕೊಂಡರೆ ಆ ಜಾಗದಲ್ಲಿ ಜಿಗಿತ ಕಾಣುತ್ತದೆ. ಇಡೀ ಡಿಸ್ಕನ್ನು ಐಎಸ್‌ಒ ಎಂಬ ಒಂದೇ ಕಡತವಾಗಿ ತೆಗೆದರೆ ಆ ತೊಂದರೆಯಿಲ್ಲ, ಆದರೆ ಆಗ ಅದು ನಾಲ್ಕು ಜಿಬಿ ದಾಟಬಹುದು. ಫ್ಯಾಟ್32 ಎಂದು ಫಾರ್ಮ್ಯಾಟ್ ಆಗಿರುವ ಪೆನ್‌ಡ್ರೈವ್ ಅಷ್ಟು ದೊಡ್ಡ ಕಡತವನ್ನು ಎಷ್ಟೇ ಜಾಗ ಖಾಲಿ ಇದ್ದರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿರಬೇಕು.

ಈ ಮೂರು ಡಿವಿಡಿಗಳ ಹಿಂದೆ ಇದ್ದ ಟೇಪಿನ ಲೆಕ್ಕವನ್ನೂ ನೋಡಿ. ಮಿನಿಡಿವಿ ಕ್ಯಾಸೆಟ್ಟಿನಲ್ಲಿ ಗಂಟೆಗೆ 13 ಜಿಬಿ. ಆರು ಗಂಟೆಯ ಮದುವೆಗೆ 78 ಜಿಬಿ. ಅದನ್ನು ಹನ್ನೆರಡು ಹದಿಮೂರು ಜಿಬಿಗೆ ಹಿಂಡಿ ಡಿಸ್ಕಿಗೆ ಹಾಕಿದ್ದರು. ಆಮೇಲೆ ಟೇಪಿನ ಮೇಲೆ ಇನ್ನೊಂದು ಮದುವೆ ತೆಗೆದರು. ಡಿವಿಡಿಯಲ್ಲಿ ಉಳಿದಿರುವುದು ಆರನೇ ಒಂದು ಪಾಲು. ಅದನ್ನು ಈಗ ಮತ್ತೆ ಹಿಂಡಿ ವಾಟ್ಸ್ಆ್ಯಪಿಗೆ ಸರಿಹೋಗುವಂತೆ ಎಂಪಿ4 ಮಾಡಿ, ಮೂಲ ಡಿಸ್ಕು ಬಿಸಾಕುವುದಿದೆಯಲ್ಲ, ಅದು ಜಾಗ ಉಳಿಸುವ ಭ್ರಮೆ. ನೋಡಲು ಎಂಪಿ4 ಇರಲಿ. ಇಡಲು ಐಎಸ್‌ಒ ಬೇಕು.

ಚಿತ್ರದ ಪಕ್ಕದಲ್ಲಿ ಅಕ್ಷರವನ್ನಿಟ್ಟರೆ ಗಾತ್ರದ ಅಂದಾಜೇ ಬುಡಮೇಲಾಗುತ್ತದೆ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. ಒತ್ತಿಗೂ ಗುಣಿತಕ್ಕೂ ಬೇರೆ ಬೇರೆ. ಕೋಲಾರ 15 ಬೈಟ್, ಮಾಲೂರು 18, ಮುಳಬಾಗಿಲು 27, ಶ್ರೀನಿವಾಸಪುರ 36. ನಾಲ್ಕೂ ಸೇರಿ 96. ಒಂದು ಸಿಡಿಯಲ್ಲಿ ಈ ನಾಲ್ಕು ಹೆಸರನ್ನು ಸರಿಯಾಗಿ 76,80,000 ಸಲ ಬರೆಯಬಹುದು, ಒಂದು ಬೈಟೂ ಉಳಿಯುವುದಿಲ್ಲ. (ಉಪಯೋಗವಿಲ್ಲದ ಲೆಕ್ಕ, ಆದರೆ ಇಷ್ಟು ಸೊಗಸಾಗಿ ಬಂದದ್ದನ್ನು ಬಿಡಲು ಮನಸ್ಸಾಗಲಿಲ್ಲ.) ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗದಲ್ಲಿ 945 ಪದ್ಯಗಳಿವೆ. ಪದ್ಯಕ್ಕೆ 500 ಬೈಟ್ ಹಿಡಿದರೂ ಇಡೀ ಕೃತಿ ಐದು ಲಕ್ಷ ಬೈಟ್ ಮುಟ್ಟುವುದಿಲ್ಲ. ಒಂದು ಸಿಡಿಯಲ್ಲಿ ಅದರ 1500ಕ್ಕೂ ಹೆಚ್ಚು ಪ್ರತಿ. ಮಾಲೂರು ತಾಲ್ಲೂಕಿನ ಮಾಸ್ತಿಯವರು ಅಷ್ಟು ಕಥೆ, ಕಾದಂಬರಿ ಬರೆದಿದ್ದರೂ ಅಕ್ಷರವಾಗಿ ಹಾಕಿದರೆ ಎಲ್ಲ ಒಂದು ಸಿಡಿಯ ಮೂಲೆಗೆ ಸಾಕು. ಅವೇ ಪುಸ್ತಕಗಳನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡಿದರೆ ಒಂದೊಂದೂ ಹತ್ತಾರು ಎಂಬಿ.

ಸರ್ಕಾರಿ ಕಚೇರಿಗಳಲ್ಲಿ ಆಗಿರುವುದೂ ಇದೇ. ಕರ್ನಾಟಕದ ಭೂಮಿ ಯೋಜನೆ 2000ದ ಹೊತ್ತಿಗೆ 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿತು. ಪಹಣಿಗೆ 2000 ಬೈಟಿನ ಅಕ್ಷರ ಎಂದುಕೊಂಡರೆ ಇಡೀ ರಾಜ್ಯಕ್ಕೆ 40 ಜಿಬಿ, ಒಂಬತ್ತು ಡಿವಿಡಿ. ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಒಯ್ಯಬಹುದಾದಷ್ಟು. ಈಗ ತಾಲ್ಲೂಕು ಕಚೇರಿಗಳ ಅಭಿಲೇಖಾಲಯದಲ್ಲಿರುವ ಹಳೆಯ ಕಡತಗಳನ್ನು ಭೂ ಸುರಕ್ಷಾ ಯೋಜನೆಯಡಿ ಸ್ಕ್ಯಾನ್ ಮಾಡಲಾಗುತ್ತಿದೆ. ಇಲ್ಲಿ ಸಿಗುವುದು ಅಕ್ಷರವಲ್ಲ, ಚಿತ್ರ. ಪುಟಕ್ಕೆ ಒಂದು ಲಕ್ಷ ಬೈಟ್ ಎಂದು ಮಿತವಾಗಿ ಹಿಡಿದರೆ ಒಂದು ಕೋಟಿ ಪುಟ ಎಂದರೆ ಸರಿಯಾಗಿ ಒಂದು ಟಿಬಿ, 213 ಡಿವಿಡಿ. ಡಿಸ್ಕುಗಳ ಕಾಲ ಮುಗಿದದ್ದು ಏಕೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ವಿಡಿಯೊ ದಾಖಲೆಯ ಬೆಲೆ ಏನೆಂಬುದನ್ನು ಮಾಲೂರು ಇತ್ತೀಚೆಗೆ ರಾಜ್ಯಕ್ಕೆಲ್ಲ ತೋರಿಸಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿಯ ಗೆಲುವಿನ ಅಂತರ 248 ಮತ. ಫಲಿತಾಂಶದ ತಕರಾರು ಹೈಕೋರ್ಟಿಗೆ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ಮರುಎಣಿಕೆಗೆ ಆದೇಶಿಸಿದಾಗ, ಮತ ಎಣಿಕೆಯ ವಿಡಿಯೊ ದಾಖಲೆ ನ್ಯಾಯಾಲಯದ ಮುಂದೆ ಬಾರದಿದ್ದದ್ದೂ ದೊಡ್ಡ ವಿಷಯವಾಯಿತು. ಪ್ರಕರಣ ಮುಂದೆ ಸುಪ್ರೀಂ ಕೋರ್ಟಿಗೆ ಹೋಯಿತು. ಯಾರು ಸರಿ ಎಂಬುದು ನ್ಯಾಯಾಲಯದ ಕೆಲಸ. ಗಾತ್ರದ ದೃಷ್ಟಿಯಿಂದ ಹೇಳುವುದಾದರೆ, ಸೆಕೆಂಡಿಗೆ ನಾಲ್ಕು ಮೆಗಾಬಿಟ್ ಬರೆಯುವ ಒಂದು ಕ್ಯಾಮೆರಾ ಹತ್ತು ಗಂಟೆ ಓಡಿದರೆ 18 ಜಿಬಿ, ನಾಲ್ಕು ಡಿವಿಡಿ. ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿದರೆ ಮೆಗಾಬೈಟ್. ಇದನ್ನು ಮರೆತು ಸಿಸಿಟಿವಿಗೆ ಎಂಟು ಪಟ್ಟು ಜಾಗ ಕೊಂಡವರೂ ಇದ್ದಾರೆ. ಹತ್ತು ಕ್ಯಾಮೆರಾಗಳ ಇಡೀ ದಿನದ ದಾಖಲೆ ಒಂದು ಸಣ್ಣ ಹಾರ್ಡ್‌ಡಿಸ್ಕಿನ ಅರ್ಧವನ್ನೂ ತುಂಬುವುದಿಲ್ಲ. ಜಾಗವಿರಲಿಲ್ಲ ಎಂಬ ಮಾತು ಇನ್ನು ಮುಂದೆ ಯಾವ ಕಚೇರಿಯ ಬಾಯಲ್ಲೂ ಒಪ್ಪುವಂಥದ್ದಲ್ಲ.

ಕೋರ್ಟಿಗೆ ಒಯ್ಯುವ ಡಿಸ್ಕಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಚುನಾವಣಾ ಪ್ರಚಾರದ ಹಾಡು, ಭಾಷಣದ ಸಿಡಿಗಳ ಬಗ್ಗೆಯೇ ನಡೆದ ಅನ್ವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ, ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರವಿಲ್ಲದೆ ಅಂಥ ನಕಲು ಸಾಕ್ಷ್ಯವಾಗದು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಒಂದು ಬಿಟ್ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಹಿಂಡಿ ಸಣ್ಣ ಮಾಡಿದ ವಿಡಿಯೊ ಕಣ್ಣಿಗೆ ಅದೇ ಆದರೂ ಕಾನೂನಿಗೆ ಬೇರೆ ಕಡತ.

ಇನ್ನು ಉಳಿದದ್ದು ಸಮಯ. ವರ್ಷಕ್ಕೆ 30 ಮದುವೆಯಂತೆ ಹತ್ತು ವರ್ಷ ಕೆಲಸ ಮಾಡಿದ ಸ್ಟುಡಿಯೊ ಒಂದರಲ್ಲಿ 300 ಮದುವೆ, 900 ಡಿವಿಡಿ ಎಂದುಕೊಳ್ಳೋಣ. ಡಿಸ್ಕುಗಳು ಸಾಮಾನ್ಯವಾಗಿ ತುಂಬಿರುವುದಿಲ್ಲ. ತಲಾ ನಾಲ್ಕು ಜಿಬಿ ಹಿಡಿದರೆ 3.6 ಟಿಬಿ. ನಾಲ್ಕು ಟಿಬಿಯ ಒಂದು ಡ್ರೈವ್ ಸಾಕು, ಅಂಗೈಯಗಲದ್ದು. ಆದರೆ ಹಾಕಿ, ಓದಿಸಿ, ತೆಗೆದು, ಹೆಸರು ಬರೆಯಲು ಡಿಸ್ಕಿಗೆ ಹತ್ತು ನಿಮಿಷವಾದರೂ ಬೇಕು. 900 ಡಿಸ್ಕಿಗೆ 150 ಗಂಟೆ. ದಿನಕ್ಕೆ ಐದು ಗಂಟೆ ಕೂತರೆ ಒಂದು ತಿಂಗಳು. ಅದೂ ಎಲ್ಲ ಡಿಸ್ಕೂ ಒಂದೇ ಏಟಿಗೆ ಓದಿದರೆ. ಬರೆಯುವ ಡಿಸ್ಕಿನ ಬಣ್ಣದ ಪದರ ಬಿಸಿಲಿಗೆ, ತೇವಕ್ಕೆ ಮಂಕಾಗುತ್ತದೆ. ಅಂಟಿಸಿದ ಸ್ಟಿಕ್ಕರು ಸುಕ್ಕಾಗಿ ಡಿಸ್ಕು ಅಲುಗಾಡುತ್ತದೆ. ಗೀರು ಬಿದ್ದ ಒಂದು ಡಿಸ್ಕಿನ ಮುಂದೆ ಡ್ರೈವು ಅರ್ಧ ಗಂಟೆ ಗರಗರ ಎನ್ನುತ್ತ ಕೂತಿರುತ್ತದೆ. ಒಂದರಲ್ಲಿ ಓದದ ಡಿಸ್ಕು ಇನ್ನೊಂದು ಕಂಪನಿಯ ಡ್ರೈವಿನಲ್ಲಿ ಓದುವುದೂ ಉಂಟು. ಹಾಗಾಗಿ ಎರಡು ಡ್ರೈವ್ ಇದ್ದವನೇ ಜಾಣ.

ಓದುವ ಯಂತ್ರಗಳೂ ಸರಿದು ಹೋಗುತ್ತಿವೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ತೂರಿಸುವ ಜಾಗವೇ ಇಲ್ಲ. 2012ರ ವಿಂಡೋಸ್ 8ರಿಂದಲೇ ಡಿವಿಡಿ ತೋರಿಸುವ ಸೌಲಭ್ಯವನ್ನು ತೆಗೆದರು. ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಡಿಸ್ಕು ತಯಾರಕರಲ್ಲಿ ಒಂದಾಗಿದ್ದ ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಾದಿ ಹಿಡಿಯಿತು. ಬರೆಯುವ ಬ್ಲೂ-ರೇ ಡಿಸ್ಕು ಮತ್ತು ಮಿನಿಡಿವಿ ಕ್ಯಾಸೆಟ್ಟುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಗೆ ನಿಲ್ಲಿಸಿತು. ಹೊರಗಿನಿಂದ ಜೋಡಿಸುವ ಯುಎಸ್‌ಬಿ ಡಿವಿಡಿ ಡ್ರೈವ್ ಇನ್ನೂ ಸಿಗುತ್ತದೆ. ಸಿಗುವಾಗಲೇ ಒಂದನ್ನು ಕೊಂಡಿಡಿ, ಅಥವಾ ಇದ್ದವರಿಂದ ನಾಲ್ಕು ದಿನಕ್ಕೆ ಕೇಳಿ ತನ್ನಿ.

ಸ್ಟುಡಿಯೊಗೆ ಕೊಟ್ಟು ಮಾಡಿಸುವುದಾದರೆ ಐಎಸ್‌ಒ ಕಡತವೇ ಬೇಕೆಂದು ಮೊದಲೇ ಹೇಳಿ, ಎಷ್ಟು ಡಿಸ್ಕು ಕೊಟ್ಟಿರಿ ಎಂಬುದನ್ನು ಬರೆದುಕೊಳ್ಳಿ. ಡಿಸ್ಕಿನ ಸಂಖ್ಯೆಯನ್ನು ಐದರಿಂದ ಗುಣಿಸಿ ಬಂದಷ್ಟು ಜಿಬಿಯ ಡ್ರೈವ್ ತೆಗೆದುಕೊಂಡರೆ ಸಿಡಿಯೂ ಡಿವಿಡಿಯೂ ಬೆರೆತಿದ್ದರೂ ಜಾಗ ಕಡಿಮೆ ಬೀಳದು. ಡ್ರೈವ್ ಎರಡಿರಲಿ. ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗಳದೋ ತಮ್ಮನದೋ ಮನೆಯಲ್ಲಿ. ವರ್ಷಕ್ಕೊಮ್ಮೆ ಎರಡನ್ನೂ ತೆರೆದು ನೋಡಿ. ಅಲ್ಲಿಯವರೆಗೆ ಡಿಸ್ಕುಗಳನ್ನು ಎಸೆಯಬೇಡಿ.